ಅರವತ್ತರ ಸುಖಕ್ಕೊಂದು ದವಡೆ ಹಲ್ಲು

ಕಳೆದ ಮಂಗಳವಾರ ನನ್ನ ತಮ್ಮ ಸಂದೇಶನನ್ನು ಕರೆದುಕೊಂಡು ಹೋಗಿ ಅವನ ದವಡೆ ಹಲ್ಲೊಂದನ್ನು ಕೀಳಿಸಿಕೊಂಡು ಬಂದೆ. ಅವನಿಗೆ ಇಪ್ಪತ್ತೇಳು ವರ್ಷ. ಉಳಿಸಿಕೊಳ್ಳಬಹುದಾಗಿದ್ದ ಹಲ್ಲು. ಉಳಿಸಿಕೊಳ್ಳಲಿಲ್ಲ. ಯಾಕೆ ಗೊತ್ತೆ? ಅರವತ್ತನೇ ವಯಸ್ಸಿನಲ್ಲಿ ಅವನು ಸುಖವಾಗಿರಬೇಕಂತೆ.

ಈ ವಾರ ನನ್ನ ಭಾಷೆ ಸ್ವಲ್ಪ ಖಾರವಾಗಿದ್ದರೆ ಸಹಿಸಿಕೊಳ್ಳಿ.

ವಿಷಯ ಗೊತ್ತಾದದ್ದು ಅದರ ಹಿಂದಿನ ಭಾನುವಾರ. ದಹಿಸರ್‌ನ ನಮ್ಮ ಮನೆಯಲ್ಲಿ ಅಮ್ಮ ಕೋರಿ ರೊಟ್ಟಿ ಮಾಡಿದ್ದಳು. ಗರಿಗರಿ ರೊಟ್ಟಿಯ ಮೇಲೆ ಕೋಳಿ ಸಾರು ಸುರಿದು, ಅದು ಮೆತ್ತಗಾಗುವ ಮೊದಲೇ ತಿಂದು ಮುಗಿಸುವವನು ಸಂದೇಶ. ಅಂದು ರೊಟ್ಟಿ ಗಂಜಿಯಾಗುವವರೆಗೆ ಕಾದು ಕುಳಿತ. ಎಡಗೆನ್ನೆ ಊದಿತ್ತು.

"ಎಂತಾಯ್ತು ನಿಂಗೆ?"

"ಕುಛ್ ನಹೀ ಅಕ್ಕ. ಸ್ವಲ್ಪ ಪೇನ್ ಉಂಟು."

ಕೆದಕಿದಾಗ ಎಲ್ಲ ಹೊರಬಂತು. ರೂಟ್ ಕೆನಾಲ್ ಮಾಡಿಸು ಎಂದು ಡೆಂಟಿಸ್ಟ್ ಎಂಟು ತಿಂಗಳ ಹಿಂದೆಯೇ ಹೇಳಿದ್ದರಂತೆ. ನಿವೃತ್ತಿಗೆಂದು ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ಕಂತನ್ನು ಒಂದೇ ಒಂದು ತಿಂಗಳು ನಿಲ್ಲಿಸಿದ್ದರೆ ಆ ಖರ್ಚು ತೂಗುತ್ತಿತ್ತು. ಇವನು ನಿಲ್ಲಿಸಲಿಲ್ಲ. ಒಂದು ಕಂತೂ ತಪ್ಪದವರಿಗೆ ಆ್ಯಪ್‌ನಲ್ಲಿ ಹಸಿರು ಟಿಕ್‌ಗಳ ಸಾಲು ಕಾಣಿಸುತ್ತದೆ. "ಸ್ಟ್ರೀಕ್ ಬ್ರೇಕ್ ಆಗ್ತದೆ ಅಕ್ಕ," ಎಂದ. (ಬಾಲವಾಡಿಯ ಮಕ್ಕಳಿಗೆ ಟೀಚರ್ ಕೈಮೇಲೆ ಸ್ಟಾರ್ ಹಾಕುತ್ತಾರಲ್ಲ, ಅದೇ.)

"ಎಮರ್ಜೆನ್ಸಿ ಫಂಡ್ ಅಂತ ಬೇರೆ ಇಟ್ಟಿದ್ದಿಯಲ್ಲ?"

"ಅದು ಎಮರ್ಜೆನ್ಸಿಗೆ."

"ಮತ್ತೆ ಇದೆಂತದು?"

"ಹಲ್ಲುನೋವು. ಗೋಲಿ ತಗೊಂಡ್ರೆ ಹೋಗ್ತದೆ."

ಎಂಟು ತಿಂಗಳು ಮಾತ್ರೆ ನುಂಗಿಕೊಂಡು, ದಾದರ್‌ನಲ್ಲಿ ಲೋಕಲ್ ರೈಲು ಬದಲಾಯಿಸಿ, ವಿಕ್ರೋಳಿಯ ಆಫೀಸಿಗೆ ಹೋಗಿ ಬಂದಿದ್ದಾನೆ. ಕೈತುಂಬ ಸಂಬಳವಿದ್ದೂ ಫಸ್ಟ್ ಕ್ಲಾಸ್ ಪಾಸ್ ಬಿಟ್ಟಿದ್ದಾನೆ. ಗೆಳೆಯರ ಜೊತೆ ಮಳೆಗಾಲದ ಟ್ರೆಕ್ ಬಿಟ್ಟಿದ್ದಾನೆ. ಅಷ್ಟು ಇಷ್ಟಪಟ್ಟು ಸೇರಿದ್ದ ತಬಲಾ ಕ್ಲಾಸನ್ನೂ ಬಿಟ್ಟಿದ್ದಾನೆ. ಇಂದಿನ ಕಾಫಿ ಬಿಟ್ಟರೆ ನಾಳೆ ಕೋಟಿ ಎಂದು ಮೊಬೈಲಿನಲ್ಲಿ ಬೋಧಿಸುವ ಗುರುಗಳಿದ್ದಾರಲ್ಲ, ಅವರ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅರವತ್ತಕ್ಕೆ ಕೋಟಿ ಬರಲಿ, ಸಂತೋಷ. ಬೆಟ್ಟ ಹತ್ತುವ ಇಪ್ಪತ್ತೇಳರ ಮೊಣಕಾಲನ್ನು ಯಾವ ಬ್ಯಾಂಕಿನಲ್ಲಿ ಡೆಪಾಸಿಟ್ ಇಡುತ್ತಾರೆ?

(ಕಡಲೆ ಮತ್ತು ಹಲ್ಲಿನ ಗಾದೆ ನಿಮಗೆ ನೆನಪಾಗಿರಬೇಕು. ನನಗೂ ಆಯಿತು. ಊದಿದ ಕೆನ್ನೆಯ ಎದುರು ಹೇಳಲು ಮನಸ್ಸು ಬರಲಿಲ್ಲ.)

ಇಷ್ಟೆಲ್ಲ ಕೂಗಾಡುವ ನಾನೇನು ಸಾಚಾ ಅಲ್ಲ. ಅವನಿಗೆ ಮೊದಲ ಸಂಬಳ ಬಂದ ದಿನ ಆ ಆ್ಯಪ್ ಹಾಕಿಕೊಟ್ಟವಳು ನಾನೇ. "ಒಂದು ತಿಂಗಳೂ ತಪ್ಪಿಸಬೇಡ, ಅಪ್ಪನನ್ನು ನೋಡಿದ್ದಿಯಲ್ಲ," ಎಂದವಳೂ ನಾನೇ.

ಅಪ್ಪ ಉಡುಪಿ ಕಡೆಯಿಂದ ಬಂದು ಸಾಂತಾಕ್ರೂಜ್‌ನ ಒಂದೇ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದವರು. ದುಡಿದವರು ಏನು, ಈಗಲೂ ದುಡಿಯುತ್ತಿದ್ದಾರೆ. ಅಡುಗೆಮನೆಯ ಬದಲು ಕೌಂಟರಿನಲ್ಲಿ ಕೂಪನ್ ಕೊಡುತ್ತಾರೆ, ಅಷ್ಟೇ. ವಯಸ್ಸು ಅರವತ್ತೆಂಟು. ಪಿಎಫ್ ಇಲ್ಲ, ಪೆನ್ಶನ್ ಇಲ್ಲ. ಧಣಿ ಇವರ ಹೆಸರನ್ನು ರಿಜಿಸ್ಟರಿಗೇ ಸೇರಿಸಲಿಲ್ಲ. ಕೇಳಿದಾಗಲೆಲ್ಲ, "ನೀನು ನಮ್ಮವನೇ ಅಲ್ವಾ ಮಾರಾಯ, ನಾನಿಲ್ವಾ?" ಎಂದ. ಹೌದು, ಅವನಿದ್ದಾನೆ. ಒಂದಿದ್ದ ಹೋಟೆಲು ಮೂರಾಗಿದೆ. ಅಪ್ಪ ಮಾತ್ರ ಬೆಳಗಿನ ಜಾವದ ಲೋಕಲ್ ಹಿಡಿಯಲು ಓಡುತ್ತಾರೆ. ಊರಿನವನು, ನಮ್ಮ ಭಾಷೆಯವನು ಎಂದು ನಂಬಿದ್ದಕ್ಕೆ ಸಿಕ್ಕ ಬೋನಸ್ಸು ಇದು.

ಮಂಗಳವಾರ ಕ್ಲಿನಿಕ್‌ನಿಂದ ಮನೆಗೆ ಬಂದ ಮೇಲೂ ನಾನು ಸಂದೇಶನನ್ನು ಬೈಯುತ್ತಲೇ ಇದ್ದೆ. ಉಳಿತಾಯ ಮಾಡು, ಯಾರು ಬೇಡ ಎಂದರು? ಆದರೆ ಮುದುಕನಾಗುವ ತಯಾರಿಯಲ್ಲೇ ಹರೆಯ ಮುಗಿಸುತ್ತೀಯಾ? ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಉತ್ತರ ಕೊಟ್ಟದ್ದು, ಅಂದು ರಜೆ ಹಾಕಿ ಮನೆಯಲ್ಲಿದ್ದ ಅಪ್ಪ.

"ಅವನಿಗೆ ಬೈಬೇಡ ಮಗಾ. ಅವ ಹೆದರಿದ್ದು ನನ್ನನ್ನು ನೋಡಿ."

ಸಂದೇಶ ತಲೆ ತಗ್ಗಿಸಿದ.

ಒಬ್ಬ ಧಣಿ ಕಟ್ಟದೇ ಉಳಿಸಿಕೊಂಡ ಪಿಎಫ್‌ಗೆ ನಮ್ಮ ಮನೆಯ ಎಷ್ಟು ತಲೆಮಾರು ಬಡ್ಡಿ ಕಟ್ಟಬೇಕು?