ಯೂರಿಯಾ ಸಾಲಿನಲ್ಲಿ ಮೂರನೆಯ ಜೋಡು

ನಮ್ಮೂರು ಕುರ್ಡಿಯಲ್ಲಿ ನನ್ನ ಗದ್ದೆಗೂ ನೆರೆಯವನ ಗದ್ದೆಗೂ ನಡುವೆ ಒಂದೇ ಬದು. ಕಾಲುವೆಯ ನೀರು ಒಂದೇ, ಬೀಜವೂ ಒಂದೇ ಅಂಗಡಿಯದು. ಆದರೂ ಅವನ ಭತ್ತ ಯಾವಾಗಲೂ ನನ್ನದಕ್ಕಿಂತ ಒಂದು ಗೇಣು ಎತ್ತರ. ಇಪ್ಪತ್ತು ವರ್ಷ ಅದನ್ನು ನೋಡಿ ಹೊಟ್ಟೆ ಉರಿಸಿಕೊಂಡವನು ನಾನು. ಸುಳ್ಳೇಕೆ ಹೇಳಲಿ, ಅವನು ದೇವದುರ್ಗದಲ್ಲಿ ಹೊಲಿಸಿಕೊಂಡು ಬಂದ ಚರ್ಮದ ಜೋಡು ಬದುವಿನ ಮೇಲೆ ಕಿರುಗುಟ್ಟಿದರೂ ನನಗೆ ಮೈಯೆಲ್ಲ ಉರಿ.

ಆ ವರ್ಷ ಕೊಲ್ಲಿ ದೇಶಗಳ ಕಡೆ ಯುದ್ಧ ಶುರುವಾಗಿ, ಹಡಗಿನ ದಾರಿ ಬಂದಾಗಿ, ನಮಗೆ ಯೂರಿಯಾ ಸಿಗದಾಯಿತು. ಆ ಸಮುದ್ರ ಎಲ್ಲಿ, ನಮ್ಮ ಮಾನ್ವಿ ಎಲ್ಲಿ. ಭತ್ತಕ್ಕೆ ಮೇಲುಗೊಬ್ಬರ ಹಾಕುವ ಹೊತ್ತು, ಪೈರು ಹಳದಿಗೆ ತಿರುಗುತ್ತಿತ್ತು. ವಾರದೊಳಗೆ ಗೊಬ್ಬರ ಬೀಳದಿದ್ದರೆ ಬೆಳೆ ಕೈಬಿಟ್ಟಂತೆಯೇ. ರಾಯಚೂರಿಗೆ ಹೋಗಿ ಇಡೀ ದಿನ ಅಂಗಡಿ ಅಂಗಡಿ ಅಲೆದೆ. ಒಂದು ಹಿಡಿಯೂ ಸಿಗಲಿಲ್ಲ. ತಂಗಿಯ ಮನೆಯಲ್ಲಿ ಉಳಿದು, ಮರುದಿನ ಮೊದಲ ಬಸ್ಸಿಗೆ ನೆಟ್ಟಗೆ ಮಾನ್ವಿಯ ಗೊಬ್ಬರದಂಗಡಿಗೆ ಬಂದೆ. ಫೋನು ಸತ್ತು ಹೋಗಿತ್ತು.

ನಮ್ಮಲ್ಲಿ ಗೊಬ್ಬರದ ಸಾಲಿನಲ್ಲಿ ಮೊದಲು ನಿಲ್ಲುವುದು ಚಪ್ಪಲಿ. ಪಾಳಿಗೆ ಅವನ್ನು ಬಿಟ್ಟು, ಅಂಗಡಿ ತೆರೆಯುವತನಕ ಎಲ್ಲರೂ ಚಹಾಕ್ಕೆ ಹೋಗುತ್ತಾರೆ. ಅಂದು ಸಾಲು ರಸ್ತೆಯವರೆಗೆ ಬಂದಿತ್ತು. ನನ್ನವನ್ನು ಕೊನೆಗೆ ಬಿಟ್ಟು ಮುಂದೆ ಹೋಗಿ ನೋಡುತ್ತೇನೆ, ಮೂರನೆಯ ಜಾಗದಲ್ಲಿ ಅದೇ ದೇವದುರ್ಗದ ಜೋಡು. ಇಲ್ಲೂ ಇವನೇ ಮುಂದೆ. ಮೊನ್ನೆಯಷ್ಟೇ ಅವನ ಮನೆಯ ಕಟ್ಟೆಯ ಮೇಲೆ ಒಂದು ಚೀಲ ನೋಡಿದ್ದೆ, ಇನ್ನೊಂದೂ ಇವನಿಗೇ ಬೇಕೆ? ಸುತ್ತ ಯಾರೂ ಇರಲಿಲ್ಲ. ಕಾಲಿನಿಂದ ತಳ್ಳಿಕೊಂಡು ಬಂದು ನನ್ನವುಗಳ ಹಿಂದೆ ಬಿಟ್ಟೆ. ಎಷ್ಟು ಹಾಯೆನಿಸಿತೆಂದರೆ, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಎರಡು ಚಹಾ ಕುಡಿದೆ.

ಅಂಗಡಿ ತೆರೆಯಿತು. ಅವನು ಬರಿಗಾಲಲ್ಲಿ ಹುಡುಕುತ್ತ ಬಂದು, ಜೋಡು ಮೆಟ್ಟಿ, ನನ್ನ ಹಿಂದೆ ನಿಂತ.

“ಯಾರೋ ಹಿಂದಕ್ಕ ಒಗದಾರಲೇ. ನಿನಗಂತ ಪಾಳಿ ಹಿಡದಿದ್ದೆ. ನಂದು ಮೊನ್ನೆನ ಬಂದದ.” ಅಂಗಿಯ ಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟ. “ನಿನ್ನ ಫೋನ್ ಹತ್ತವಲ್ದು ಅಂತ ನಿಮ್ಮನಿಯಾಕಿ ನನ್ನ ಕೈಯಾಗ ಕೊಟ್ಟಾಳ. ಹೆಬ್ಬೆಟ್ಟು ಒತ್ತೂ ಹೊತ್ತಿಗೆ ನೀ ಬಂದೇ ಬರ್ತಿ ಅಂದ್ಲು.”

ನನ್ನ ಆಧಾರ್ ಕಾರ್ಡು. ಅದಿಲ್ಲದೆ ಚೀಲ ಕೊಡುವುದಿಲ್ಲ; ರಾಯಚೂರಿಗೆ ಹೊರಡುವ ಅವಸರದಲ್ಲಿ ಮನೆಯಲ್ಲೇ ಬಿಟ್ಟಿದ್ದೆ. ನನ್ನ ಮುಖ ನನ್ನನ್ನೇ ನೋಡುತ್ತಿತ್ತು. ಕಾರ್ಡನ್ನು ಜೇಬಿಗಿಟ್ಟು ಮುಂದಕ್ಕೆ ತಿರುಗಿದೆ.

ಈಗ ಮೂರನೆಯ ಜಾಗಕ್ಕೆ ಬಂದಿದ್ದವನು ಚೀಲ ಹೊತ್ತು ಹೋದುದನ್ನು ಕಣ್ಣಾರೆ ಕಂಡೆ. ನನ್ನ ಮುಂದೆ ಇನ್ನೂ ನಾಲ್ವರಿರುವಾಗ ಅಂಗಡಿಯ ಸಾಹೇಬರು ಅರ್ಧ ಷಟರ್ ಎಳೆದರು. “ಖತಂ ಆತ್ರೀ. ಹಡಗ ಸಮುದ್ರದಾಗ ನಿಂತಾವ, ನಾ ಏನ್ ಮಾಡ್ಲಿ? ಮುಂದಿನ ವಾರ ಬರ್ರಿ.”

“ಹೋಗ್ಲಿ ಬಿಡು,” ಎಂದ ಅವನು. “ನಂದು ಇನ್ನೂ ಹಾಕಿಲ್ಲ. ಅರ್ಧ ಚೀಲ ಸುರಕೊಂಡು ಹೋಗು.”

ಬೇಡವೆನ್ನಬೇಕಿತ್ತು. ಸುರಿದುಕೊಂಡು ಬಂದೆ, ಅದೇ ಸಂಜೆ ಎರಚಿದೆ. ಜೋಡು ತಳ್ಳಿದ್ದು ನಾನೆಂದು ಇವತ್ತಿಗೂ ಹೇಳಿಲ್ಲ.

ಐದಾರು ದಿನಕ್ಕೆ ನನ್ನ ಪೈರು ಚೇತರಿಸಿಕೊಂಡಿತು. ಬದುವಿನ ಮೇಲೆ ನಿಂತು ಮೊದಲು ಅವನ ಗದ್ದೆ ನೋಡಿದೆ. ಗೊಬ್ಬರ ಸಾಲದೆ ನಡುನಡುವೆ ಹಳದಿ ಹಾಗೇ ಉಳಿದಿತ್ತು. ನನಗೆ ಖುಷಿಯಾಯಿತು.