ನೀರಿನ ಜಾಡು ಹಿಡಿದವರು

ಗುಂಡ್ಲುಪೇಟೆಯ ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಹೋಟೆಲ್. ಅದರ ತಪಾಸಣೆಗೆ ಬರುತ್ತಿದ್ದ ಫುಡ್ ಇನ್ಸ್‌ಪೆಕ್ಟರ್, ಅಪ್ಪ ಕೊಟ್ಟ ಕಾಫಿಯನ್ನು ಮುಟ್ಟುತ್ತಿರಲಿಲ್ಲ. ಪ್ಯಾಂಟು ಮಡಚಿ ಅಡುಗೆಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಮೋರಿಯ ವಾಸನೆ ನೋಡುತ್ತಿದ್ದರು. ಏನೇ ಉತ್ತರ ಕೊಟ್ಟರೂ ಅವರ ಮುಂದಿನ ಪ್ರಶ್ನೆ ಒಂದೇ: "ಅದಕ್ಕೂ ಮುಂಚೆ?"

ಒಮ್ಮೆ ನಲ್ಲಿ ತಿರುಗಿಸಿ, "ಈ ನೀರು ಎಲ್ಲಿಂದ ಬತ್ತದೆ?" ಎಂದರು.

"ಮೇಲ್ಗಡೆ ಟ್ಯಾಂಕಿಂದ ಸಾ," ಎಂದರು ಅಪ್ಪ.

"ಅದಕ್ಕೂ ಮುಂಚೆ?"

ಕೇಳುತ್ತಲೇ ಇನ್ಸ್‌ಪೆಕ್ಟರ್ ಪೈಪಿನ ಜಾಡು ಹಿಡಿದು ಹಿತ್ತಲಿಗೆ ನಡೆದರು. ಕುತೂಹಲ ತಡೆಯದೆ ನಾನೂ ಹಿಂದೆ ಹೋದೆ. ಬೋರ್‌ವೆಲ್‌ನಿಂದ ನಾಲ್ಕೇ ಹೆಜ್ಜೆಗೆ ಕಕ್ಕಸಿನ ಗುಂಡಿಯಿತ್ತು. ನೀರಿನ ಪರೀಕ್ಷೆ ಆಗುವವರೆಗೆ ಹೋಟೆಲ್ ಮುಚ್ಚಿ ಎಂದುಬಿಟ್ಟರು.

ಅಪ್ಪನಿಗೆ ರೇಗಿತು. "ಇಪ್ಪತ್ತೊರ್ಸ ಆಯ್ತು ಸಾ, ಒಬ್ರುಗೂ ಏನೂ ಆಗಿಲ್ಲ!"

"ಆಗಿಲ್ಲ ಅಂತ ಯಾರು ಹೇಳುದ್ರು ಯಜಮಾನ್ರೇ? ಉಂಡೋರು ಬಸ್ ಹತ್ಕಂಡು ಊಟಿಗೆ ಹೋಗ್ಬುಡ್ತಾರೆ. ಹೊಟ್ಟೆ ಕೆಟ್ರೆ ವಾಪಸ್ ಬಂದು ಹೇಳ್ತಾರಾ?"

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು.

ನೀರು ಕೆಟ್ಟಿದೆಯೆಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಬೇರೆ ಕಡೆ ಬೋರ್ ಕೊರೆಸುವವರೆಗೂ ಅಪ್ಪ ಮುಚ್ಚಿದ ಬಾಗಿಲ ಮುಂದೆ ಕೂತು, ಊಟಿಯಿಂದ ಬರುವ ಪ್ರತಿ ಬಸ್ಸಿನ ಕಿಟಕಿಗಳಲ್ಲಿ ಉಂಡು ಹೋದವರ ಮುಖಗಳನ್ನು ಹುಡುಕುತ್ತಿದ್ದರು.