ಮ್ಯಾಟರ್‌ಹಾರ್ನ್ ಇಳಿಯಲು ಯಾವ ವೀಸಾ ಬೇಕು?

ಶುಕ್ರವಾರ ಬೆಳಿಗ್ಗೆ. ದೋಹಾದ ನಮ್ಮ ಫ್ಲ್ಯಾಟಿನಲ್ಲಿ ನೀರುದೋಸೆ ಹೊಯ್ಯುತ್ತಿದ್ದೆ. ಫೋನ್ ಬಂತು. ಆಲ್ಪ್ಸ್ ಪರ್ವತದ ತುದಿಯಿಂದ ನನ್ನ ಗಂಡ! ಮ್ಯಾಟರ್‌ಹಾರ್ನ್ ಶಿಖರ ಹತ್ತಿ ನಿಂತವರು ಮೊದಲು ಹೇಳಿದ್ದೇನು ಗೊತ್ತೇ?

"ಶಶೀ, ಟ್ರಾವೆಲ್ಸಿನ ಹಮೀದ್‌ಗೆ ಒಂದು ಫೋನ್ ಮಾಡು ಮಾರಾಯ್ತಿ!"

ನಮ್ಮವರು ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟಿನಲ್ಲಿ ಇಂಜಿನಿಯರ್. ಸ್ವಿಸ್ ಸಹೋದ್ಯೋಗಿಯೊಬ್ಬ ಪರ್ವತದ ಹುಚ್ಚು ಹಿಡಿಸಿದ. ಕತಾರಿನಲ್ಲಿ ಅಭ್ಯಾಸಕ್ಕೆ ಗುಡ್ಡವೆಲ್ಲಿದೆ? (ರಸ್ತೆಯ ಹಂಪ್ ಬಿಟ್ಟರೆ ಇಲ್ಲಿ ಏರು ಅಂತ ಕಾಣುವುದೇ ಅಪರೂಪ.) ಅಕ್ಕಿ ಮೂಟೆ ಬೆನ್ನಿಗೆ ಕಟ್ಟಿಕೊಂಡು ಬಿಲ್ಡಿಂಗಿನ ಮೆಟ್ಟಿಲು ಹತ್ತಿದ್ದೇ ಹತ್ತಿದ್ದು. ಲಿಫ್ಟ್ ಸರಿಯಿದೆಯಲ್ಲ, ಸಾಹೇಬರಿಗೇನಾಗಿದೆ ಎಂದು ವಾಚ್‌ಮನ್ ನನ್ನನ್ನು ಕೇಳಿದ್ದ.

ಈ ಮ್ಯಾಟರ್‌ಹಾರ್ನ್ ಗಡಿಯ ಮೇಲೆಯೇ ನಿಂತಿದೆ. ಈ ಕಡೆ ಸ್ವಿಟ್ಜರ್‌ಲೆಂಡ್, ಆ ಕಡೆ ಇಟಲಿ. ನೆತ್ತಿಯ ಕಲ್ಲು ಮೂಲದಲ್ಲಿ ಯುರೋಪಿನದ್ದೇ ಅಲ್ಲವಂತೆ! ಕೋಟ್ಯಂತರ ವರ್ಷಗಳ ಹಿಂದೆ ಆಫ್ರಿಕಾ ಕಡೆಯ ನೆಲ ಉತ್ತರಕ್ಕೆ ತಳ್ಳಿಕೊಂಡು ಬಂದು, ನಡುವಿನ ಸಮುದ್ರದ ತಳವನ್ನು ಹಿಂಡಿ, ಅದರ ಮೇಲೇರಿ ಕೂತಿತಂತೆ. ಕಲ್ಲಿಗೇನು, ವೀಸಾ ಕೇಳುವವರು ಯಾರು?

ನನ್ನ ಗಂಡನಿಗೆ ಬೇಕಲ್ಲ! ಪಾಸ್‌ಪೋರ್ಟಿನಲ್ಲಿದ್ದದ್ದು ಸ್ವಿಸ್ ವೀಸಾ ಮಾತ್ರ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು; ಆಗ ಎರಡೂ ದೇಶಕ್ಕೆ ಒಂದೇ ವೀಸಾ ಇರಲಿಲ್ಲ, ಇಟಲಿಗೆ ಬೇರೆಯೇ ಬೇಕಿತ್ತು.

"ಹತ್ತಿ ಬಂದ ದಾರಿಯಲ್ಲಿ ಕಲ್ಲು ಬೀಳ್ತಾ ಉಂಟು. ಐಸ್ ಕರಗಿ ಬಂಡೆಗಳೆಲ್ಲ ಸಡಿಲ ಆಗಿದೆ. ಗೈಡ್ ಇಟಲಿ ಕಡೆ ಇಳಿಯುವ ಅಂತಾನೆ. ಹೇಗೆ ಇಳಿಯುದು? ವೀಸಾ ಇಲ್ಲ!"

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆದರಿಕೆ. ಹೌದಲ್ಲ, ವೀಸಾ ಇಲ್ಲವಲ್ಲ!

ಹಮೀದ್ ಉಪ್ಪಿನಂಗಡಿಯವನು, ನಮ್ಮ ಟಿಕೆಟ್, ವೀಸಾ ಎಲ್ಲ ಅವನದೇ ಉಸ್ತುವಾರಿ. "ಅಕ್ಕಾ, ಅದು ಸಿಂಗಲ್ ಎಂಟ್ರಿ. ಇಟಲಿಗೆ ಕಾಲಿಟ್ರೆ ಖಲಾಸ್! ಡಿಪೋರ್ಟ್ ಮಾಡಿದ್ರೆ ಇಲ್ಲಿಯ ಕೆಲಸಕ್ಕೂ ಕುತ್ತು. ಹತ್ತಿದ ಕಡೆಯಿಂದಲೇ ಇಳೀಲಿಕ್ಕೆ ಹೇಳಿ."

"ಕಲ್ಲು ಬೀಳ್ತಾ ಉಂಟಂತೆ ಹಮೀದ್!"

"ಸ್ವಲ್ಪ ಬದಿಯಿಂದ ಇಳಿಯುದು ಅಕ್ಕಾ."

ತಿರುಗಿ ಫೋನ್ ಮಾಡಿದರೆ ಇವರದು ಸ್ವಿಚ್ ಆಫ್. ಮತ್ತೆ ಮಾಡಿದೆ. ಮತ್ತೆ ಆಫ್. ಕಾವಲಿಯ ಮೇಲಿನ ದೋಸೆ ಕರಟಿ ಹೊಗೆ ಎದ್ದಿತ್ತು.

ಆ ದಿನ ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಟಿವಿ ಹಾಕಿದೆ, ಆರಿಸಿದೆ. ಊರಿನ ದೇವಿಗೆ ಹೂವಿನ ಪೂಜೆ ಹೇಳಿಕೊಂಡೆ. ಕಣ್ಣು ಮುಚ್ಚಿದರೆ ಒಮ್ಮೆ ಅವರ ತಲೆಯ ಮೇಲೆ ಬಂಡೆ, ಇನ್ನೊಮ್ಮೆ ಕೈಗೆ ಕೋಳ. ಯಾವುದಕ್ಕೆ ಹೆಚ್ಚು ಹೆದರಬೇಕೆಂದೇ ತಿಳಿಯಲಿಲ್ಲ. ನೀವು ನಗಬಹುದು. ಗಲ್ಫಿನಲ್ಲಿರುವವರು ನಗಲಾರರು. ಆಗ ರಜೆಗೆ ಊರಿಗೆ ಹೋಗಬೇಕಾದರೂ ಕಂಪನಿ ಕೊಡುವ ಎಕ್ಸಿಟ್ ಪರ್ಮಿಟ್ ಕೈಯಲ್ಲಿರಬೇಕಿತ್ತು. ಕಾಗದ ತಪ್ಪಿದರೆ ಅನ್ನವೇ ತಪ್ಪಿದಂತೆ ಎಂದು ವರ್ಷಗಟ್ಟಲೆ ಹೆದರಿ ಹೆದರಿ ಬದುಕಿದವರು ನಾವು.

ಕತ್ತಲಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. "ಇಳಿದೆ ಶಶೀ. ಇಟಲಿಯಲ್ಲಿದ್ದೇನೆ. ಮೊಬೈಲ್ ಚಳಿಗೆ ಸತ್ತು ಹೋಯ್ತು."

ಅತ್ತೇಬಿಟ್ಟೆ. "ಅಂತೂ ಧೈರ್ಯ ಮಾಡಿದಿರಲ್ಲ!"

"ಎಂಥ ಧೈರ್ಯ? ಇಬ್ಬರಿಗೂ ಒಂದೇ ಹಗ್ಗ. ಗೈಡ್ ಬೈದು ಎಳ್ಕೊಂಡೇ ಇಳಿಸಿದ. ಆಚೆ ಕಡೆ, ನಾವು ಹತ್ತಿದ ದಾರಿ ಒಂದು ಕಡೆ ಕುಸಿದೇ ಹೋಯ್ತಂತೆ."

"ಏನಾದರೂ ತಿಂದಿರಾ?"

"ಇಲ್ಲ. ಪೊಲೀಸ್ ಸ್ಟೇಷನ್ ಎದುರಿನ ಬೂತಿನಲ್ಲಿದ್ದೇನೆ. ನಾನೇ ಹೋಗಿ ತಪ್ಪಾಯ್ತು ಅಂದ್ರೆ ಶಿಕ್ಷೆ ಕಮ್ಮಿ ಅಲ್ವಾ? ಹಮೀದ್ ಎಂತ ಹೇಳ್ದ?"

ಹೌದು ಮತ್ತೆ. ಸ್ವಿಸ್ ಕಡೆಯೇ ಬಿದ್ದು ಸತ್ತಿದ್ದರೆ ಕಾಗದಪತ್ರವೆಲ್ಲ ಸರಿಯಾಗಿರುತ್ತಿತ್ತು, ಅಲ್ಲವೇ?